ಅಡ್ಡಿಯಿಲ್ಲ

"ಇದೂ ಆಗಲ್ಲ. ಇದ್ರಲ್ಲಿ ಅಣ್ಣ ಎಲ್ಲಿದಾನೆ? ಬರೀ ಕನ್ನಡಕ ಕಾಣುತ್ತೆ," ಎಂದು ಚಿಕ್ಕಪ್ಪ ಆರನೆಯ ಫೋಟೋವನ್ನೂ ಮೇಜಿನ ಮೇಲೆ ಕವುಚಿ ಹಾಕಿದ.

ಮಗಳು ಏಳನೆಯದನ್ನು ಮುಂದೆ ಹಿಡಿದಳು. ಯಾರದೋ ಮದುವೆಯಲ್ಲಿ ಇನ್ಯಾರೋ ತೆಗೆದದ್ದು. ಅದರಲ್ಲಿ ಅಪ್ಪನ ಅರ್ಧ ಮುಖ ಕ್ಯಾಮೆರಾದ ಹಿಂದಿತ್ತು, ಕಂಡ ಅರ್ಧದಲ್ಲಿ ಕಣ್ಣು ಮುಚ್ಚಿತ್ತು.

"ಇದಕ್ಕಿಂತ ಕನ್ನಡಕಾನೇ ವಾಸಿ. ನಲವತ್ತು ವರ್ಷ ಊರಿಗೆಲ್ಲ ಫೋಟೋ ತೆಗೆದೋನಿಗೆ ತನ್ನದೊಂದು ನೆಟ್ಟಗಿರೋ ಫೋಟೋ ಇಲ್ವಲ್ಲ."

"ಇದೆಯಲ್ಲ," ಎಂದಳು ಅಮ್ಮ ಮೂಲೆಯ ಬೆಂಚಿನಿಂದ. "ಊರಿನವರೆಲ್ಲರ ಫೋನಲ್ಲೂ ಇದೆ."

ಅಮ್ಮ ಅದನ್ನು ಚುಚ್ಚಿ ಹೇಳಿದಳೋ ಸುಮ್ಮನೆ ಹೇಳಿದಳೋ ಮಗಳಿಗೆ ತಿಳಿಯಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಗಳಿಗೆ ಅದು. ಅವಳು ಫೋನನ್ನು ಮಗುಚಿಟ್ಟಳು.

ಅಪ್ಪನನ್ನು ಸ್ಟುಡಿಯೋದಲ್ಲೇ ಮಲಗಿಸಿದ್ದರು. ಮನೆ ಮೇಲಿನ ಮಹಡಿಯಲ್ಲಿತ್ತು, ಮೆಟ್ಟಿಲು ಕಿರಿದು, ಬರುವ ಜನ ಬಹಳ. ಎಲ್ಲರನ್ನೂ ಯಾವ ಜಾಗದಲ್ಲಿ ಕೂರಿಸಿ "ಗಲ್ಲ ಸ್ವಲ್ಪ ಮೇಲೆ" ಎನ್ನುತ್ತಿದ್ದನೋ ಅದೇ ಜಾಗದಲ್ಲಿ ಈಗ ಅವನೇ ಇದ್ದ, ಬೆನ್ನ ಹಿಂದೆ ಪರದೆ ಸಮೇತ. ಕೊಳ ಮತ್ತು ಹಂಸಗಳ ಪರದೆ ಇಳಿಬಿಟ್ಟಿತ್ತು. ಚಿಕ್ಕಪ್ಪ ಅದನ್ನು ಸುತ್ತಿ ಪುಸ್ತಕದ ಕಪಾಟಿನ ಪರದೆ ಇಳಿಸಲು ಹೋದಾಗ ಅಮ್ಮ, "ಬೂದು ಬಣ್ಣದ್ದು ಹಾಕು. ಅವ್ರು ಜೀವನದಲ್ಲಿ ಪುಸ್ತಕ ಹಿಡಿದೋರಲ್ಲ," ಎಂದಳು. ಬೂದು ಪರದೆ ಇಳಿಯಿತು.

"ಫೋಟೋನೂ ಬೇಡ ಬಿಡು," ಎಂದಳು ಮತ್ತೆ. "ಅವರೇ ಇದಾರಲ್ಲ. ಬಂದೋರು ಅವರನ್ನೇ ನೋಡ್ಲಿ."

ಮಗಳು ಒಳಕೋಣೆಗೆ ಹೋಗಿ ಫೋನ್ ತೆರೆದಳು. ಸ್ಟುಡಿಯೋದ ಪೇಜು ತುಂಬಿ ತುಳುಕುತ್ತಿತ್ತು. ನಿನ್ನೆ ಸಂಜೆಯಿಂದ ಊರಿಗೆ ಊರೇ ಒಂದೇ ಫೋಟೋವನ್ನು ಹಂಚುತ್ತಿತ್ತು. ಮಧ್ಯಾಹ್ನದ ಮೂರು ಗಂಟೆ, ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಅಪ್ಪ ಗೋಡೆಗೊರಗಿ ನಿದ್ದೆ ಹೋಗಿದ್ದಾನೆ. ಬಾಯಿ ತೆರೆದಿದೆ, ತೊಡೆಯ ಮೇಲೆ ಲೆನ್ಸ್ ಒರೆಸುವ ಬಟ್ಟೆ, ಒಂದು ಕಾಲಿನ ಬೂಟು ಕಳಚಿ ಬಿದ್ದಿದೆ. ಹತ್ತು ದಿನದ ಹಿಂದೆ ಅವಳೇ ಅವನಿಗೆ ಗೊತ್ತಾಗದ ಹಾಗೆ ಫೋನಿನಲ್ಲಿ ತೆಗೆದು, "ಮಾಲೀಕರು ಮೀಟಿಂಗಿನಲ್ಲಿದ್ದಾರೆ" ಎಂದು ಬರೆದು ಪೇಜಿಗೆ ಹಾಕಿದ್ದಳು. ಊರು ನಕ್ಕಿತ್ತು. ಈಗ ಅದೇ ಫೋಟೋಗೆ ಕಪ್ಪು ಅಂಚು ಬಂದಿತ್ತು. "ಈ ಮೀಟಿಂಗ್ ಇನ್ನು ಮುಗಿಯೋದಿಲ್ಲ" ಎಂದು ಯಾರೋ ಬರೆದಿದ್ದರು. ಅದರ ಕೆಳಗೆ ಸಾಲುಸಾಲು ಕೈಮುಗಿದ ಚಿತ್ರಗಳು.

ಅಪ್ಪನ ಕೊನೆಯ ಗುರುತು ಇದಾಯಿತಲ್ಲ ಎಂದುಕೊಂಡಳು. ಯಾರ ಫೋಟೋವನ್ನೂ ಕೇಳದೆ ನಾಲ್ಕು ಜನರ ಮುಂದಿಡಬಾರದು ಎಂದು ಬದುಕಿದವನ ಫೋಟೋವನ್ನು ಅವನನ್ನೇ ಕೇಳದೆ ಇಟ್ಟವಳು ಅವಳು. ಎರಡು ತಿಂಗಳಿಂದ ಮಾತಿನಲ್ಲಿ ಮೊದಲಿನ ಸಲಿಗೆ ಇರಲಿಲ್ಲ. ಮುನಿಸನ್ನು ಹೊತ್ತುಕೊಂಡೇ ಅಪ್ಪ ಹೊರಟುಹೋದ, ಇನ್ನು ಅದನ್ನು ಇಳಿಸಿಕೊಳ್ಳಲು ಯಾರ ಬಳಿ ಹೋಗಲಿ ಎಂಬುದೇ ಅವಳ ಸಂಕಟ. ಸಂಜೆಯೊಳಗೆ ಪೇಜನ್ನೇ ಮುಚ್ಚಿಬಿಡಬೇಕು ಎಂದು ನಿಶ್ಚಯಿಸಿದಳು. "ಖಂಡಿತವಾಗಿಯೂ ಅಳಿಸಬೇಕೆ?" ಎಂದು ಫೋನು ಕೇಳುವವರೆಗೂ ಹೋದಳು. ಅಷ್ಟರಲ್ಲಿ ಹೊರಗಿನಿಂದ ಚಿಕ್ಕಪ್ಪ ಕೂಗಿದ.

* * *

ಸ್ಟುಡಿಯೋ ನೊಣ ಹೊಡೆಯುವ ಸ್ಥಿತಿಗೆ ಬಂದದ್ದು ಒಂದೇ ದಿನದಲ್ಲಲ್ಲ. ಮೊದಲು ಹುಟ್ಟುಹಬ್ಬಗಳು ಹೋದವು, ಆಮೇಲೆ ಪ್ರವಾಸಗಳು, ಆಮೇಲೆ ಮದುವೆಗಳು. ಎಲ್ಲವೂ ಜನರ ಜೇಬಿನ ಫೋನುಗಳಿಗೆ ವಲಸೆ ಹೋದ ಮೇಲೆ ಅಪ್ಪನ ಪಾಲಿಗೆ ಪಾಸ್‌ಪೋರ್ಟ್ ಸೈಜು ಮಾತ್ರ ಉಳಿಯಿತು. ಕರಪತ್ರ ಅಚ್ಚು ಹಾಕುವ ಪ್ರೆಸ್ಸೊಂದರಲ್ಲಿ ಕೆಲಸ ಮಾಡುತ್ತಿದ್ದ ಮಗಳು ಆ ಪ್ರೆಸ್ಸೂ ಮುಚ್ಚಿದಾಗ ಬಂದು ಅಪ್ಪನ ಜೊತೆ ಕೂತಳು. ಕೂತವಳು ಸುಮ್ಮನಿರಲಿಲ್ಲ, ಸ್ಟುಡಿಯೋದ ಹೆಸರಿನಲ್ಲಿ ಒಂದು ಪೇಜು ತೆರೆದಳು.

"ಎಂಟು ಪಾಸ್‌ಪೋರ್ಟ್ ಫೋಟೋಗೆ ಎರಡು ಉಚಿತ" ಎಂಬ ಮೊದಲ ಪೋಸ್ಟಿಗೆ ಹನ್ನೊಂದು ಲೈಕು ಬಂದವು. ಒಂದು ಅವಳದೇ, ಎರಡು ಚಿಕ್ಕಪ್ಪನವು. ಅವನ ಬಳಿ ಎರಡು ಫೋನಿದ್ದವು. ತಾನೇ ತೆಗೆದ ಫೋಟೋಗಳನ್ನು ಹಾಕಿದಳು. ಹಾಕುವ ಮುಂಚೆ ಅಪ್ಪನಿಗೆ ತೋರಿಸಿದರೆ ಅವನು ಫೋನನ್ನು ತೋಳುದ್ದ ದೂರ ಹಿಡಿದು, "ಲೈಟು ಸರಿಯಿಲ್ಲ," ಎನ್ನುತ್ತಿದ್ದ. ಹಿಂದೆ ಹೊಗಳಿದವನಲ್ಲ, ಮುಂದೆ ಹೊಗಳುವವನೂ ಅಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದುಕೊಂಡು ಅವಳು ತೋರಿಸುವುದನ್ನೇ ಬಿಟ್ಟಳು.

ಆಮೇಲೆ ಒಂದು ದಿನ ಅಟ್ಟದ ಮೇಲಿನ ಬಿಸ್ಕತ್ತಿನ ಡಬ್ಬಿಗಳು ಕಣ್ಣಿಗೆ ಬಿದ್ದವು. ಅವುಗಳೊಳಗೆ ವರ್ಷವಾರು ನೆಗೆಟಿವ್‌ಗಳು. ಅಪ್ಪನಿಗೊಂದು ಅಭ್ಯಾಸವಿತ್ತು. ಯಾರೇ ಬಂದು ಕೂರಲಿ, "ಇದು ಬರೀ ಲೈಟ್ ನೋಡೋಕೆ, ಆರಾಮಾಗಿರಿ," ಎಂದು ಒಂದು ಸಲ ಕ್ಲಿಕ್ ಮಾಡಿಬಿಡುತ್ತಿದ್ದ. ಅಂಗಡಿಯವರು ಬೆಳಗಿನ ಮೊದಲ ವ್ಯಾಪಾರಕ್ಕೆ ಬೋಣಿ ಎನ್ನುತ್ತಾರಲ್ಲ, ಅಪ್ಪ ಇದನ್ನು ಬೋಣಿ ಎನ್ನುತ್ತಿದ್ದ. ಅದಾದ ಮೇಲೆ ಜನರಿಗೆ ಕ್ಯಾಮೆರಾದ ಹೆದರಿಕೆ ಹೋಗುತ್ತಿತ್ತು, ಆಗ ನಿಜವಾದ ಫೋಟೋ. ರೀಲಿಗೆ ಬೆಂಕಿಯಂಥ ಬೆಲೆ ಇದ್ದ ಕಾಲದಲ್ಲೂ ಆ ಒಂದು ಕ್ಲಿಕ್ಕನ್ನು ಅವನು ಬಿಡಲಿಲ್ಲ, ಮತ್ತು ಒಂದನ್ನೂ ಪ್ರಿಂಟು ಹಾಕಲಿಲ್ಲ.

ಮಗಳು ಅವುಗಳನ್ನು ಸ್ಕ್ಯಾನ್ ಮಾಡಿದಳು. ಮೀಸೆಯ ಒಂದು ಕಡೆ ಮಾತ್ರ ಬಾಚಿಕೊಂಡ ಯುವಕ. ಗಂಡನ ಕಾಲರಿನಿಂದ ದಾರ ಕಿತ್ತು ಬಾಯಲ್ಲಿ ಕಚ್ಚಿಕೊಂಡ ಹೆಂಡತಿ. ತಂಗಿಯ ಜಡೆ ಹಿಡಿದೆಳೆಯುತ್ತಿರುವ ಅಕ್ಕ. "ಫೋಟೋಗೆ ಮುಂಚಿನ ಫೋಟೋ" ಎಂಬ ತಲೆಬರಹ ಕೊಟ್ಟು ವಾರಕ್ಕೆ ಎರಡು ಮೂರರಂತೆ ಹಾಕತೊಡಗಿದಳು. ಜನ ತಮ್ಮ ಅತ್ತೆಯನ್ನು, ಮಾವನನ್ನು, ಹಳೆಯ ಮೇಷ್ಟರನ್ನು ಗುರುತು ಹಿಡಿದು ಹಂಚಿದರು. ತಿಂಗಳು ಕಳೆಯುವುದರೊಳಗೆ ಭಾನುವಾರ ಬೆಂಚಿನ ಮೇಲೆ ಜಾಗ ಸಾಲದಾಯಿತು. ಬಂದವರೆಲ್ಲ, "ನಮಗೂ ಬೋಣಿ ಫೋಟೋನೇ ಬೇಕು," ಎನ್ನುವವರೇ.

"ಪೋಸು ಕೊಡದೇ ಇರೋಕೆ ಇಷ್ಟು ದೂರ ಬರ್ತಾರಾ ಜನ?" ಎಂದು ಅಪ್ಪ ಬೆರಗಾದ. ಆದರೆ ಮೊದಲ ಬೋಣಿ ಫೋಟೋ ಹಾಕಿದ ದಿನವೇ ಕೇಳಿದ್ದ: "ಅವರನ್ನ ಕೇಳಿದ್ಯಾ?"

ಅದು ಅವನ ಕಟ್ಟಳೆ. ಬೀದಿಗೆ ಮುಖ ಮಾಡಿದ ಗಾಜಿನ ಶೋಕೇಸಿನಲ್ಲಿ ಯಾರದೇ ಫೋಟೋ ಏರಬೇಕಿದ್ದರೂ ಅವರು ಅದರ ಬೆನ್ನಿಗೆ ತಮ್ಮ ಕೈಯಾರೆ "ಅಡ್ಡಿಯಿಲ್ಲ" ಎಂದು ಬರೆದು ಸಹಿ ಹಾಕಬೇಕು. ಇದು ಯಾವಾಗ ಶುರುವಾಯಿತು, ಯಾಕೆ ಎಂದು ಅವನು ಯಾರಿಗೂ ಹೇಳಿರಲಿಲ್ಲ.

"ಅಪ್ಪ, ಇದು ಶೋಕೇಸಲ್ಲ, ಪೇಜು," ಎಂದಿದ್ದಳು ಅವಳು.

"ಗಾಜು ಎರಡಕ್ಕೂ ಇದೆಯಲ್ಲ," ಎಂದು ಅಪ್ಪ ಅವಳ ಫೋನನ್ನು ಬೆರಳಿನಿಂದ ಕುಟ್ಟಿ ತೋರಿಸಿದ್ದ.

* * *

ಒಂಬತ್ತು ಗಂಟೆಯ ಹೊತ್ತಿಗೆ ಜನ ಬರತೊಡಗಿದರು. ಮಗಳು ಬಾಗಿಲ ಬಳಿ ನಿಂತಿದ್ದಳು. ಬಂದವರಲ್ಲಿ ಎಷ್ಟೋ ಜನರನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ, ಆದರೆ ಮುಖಗಳು ಮಾತ್ರ ಅಂಗೈಯಷ್ಟು ಪರಿಚಿತ. ತಿಂಗಳುಗಟ್ಟಲೆ ಕಂಪ್ಯೂಟರಿನಲ್ಲಿ ಧೂಳು ತೆಗೆದು, ಗೀರು ಅಳಿಸಿ ಸರಿಪಡಿಸಿದ ಮುಖಗಳು ಈಗ ಮೂವತ್ತು ವರ್ಷ ಹೆಚ್ಚು ವಯಸ್ಸಾಗಿ, ಚಪ್ಪಲಿ ಕಳಚಿ, ಒಬ್ಬೊಬ್ಬರಾಗಿ ಒಳಗೆ ಬರುತ್ತಿದ್ದವು. ಅವಳು ಮನಸ್ಸಿನಲ್ಲೇ ಪೋಸ್ಟಿನ ಸಂಖ್ಯೆ ಹೇಳಿಕೊಂಡಳು. ಒಂಬತ್ತು. ಹದಿನೇಳು. ಮೂವತ್ತು.

ಒಂಬತ್ತನೆಯವನು ಬೇಕರಿಯವನು, ಒಂದು ಕಡೆ ಮೀಸೆ ಬಾಚಿಕೊಂಡಿದ್ದ ಆ ಯುವಕ. ಮೀಸೆ ಈಗ ಎರಡೂ ಕಡೆ ಬೆಳ್ಳಗಿತ್ತು.

"ಹೋದ ತಿಂಗಳಷ್ಟೇ ನಮ್ಮನೆಗೆ ಬಂದಿದ್ರಮ್ಮ ಫೋಟೋ ಮಾಮ," ಎಂದ. ಬೀದಿಯವರೆಲ್ಲ ಅಪ್ಪನನ್ನು ಕರೆಯುತ್ತಿದ್ದುದೇ ಹಾಗೆ. "ನನ್ನ ಮೀಸೆ ಫೋಟೋ ಎರಡು ತಂದಿದ್ರು. ಒಂದು ನನಗೆ ಕೊಟ್ರು. ಇನ್ನೊಂದ್ರ ಹಿಂದೆ ಬರೆಸ್ಕೊಂಡು ಹೋದ್ರು."

"ಏನು ಬರೆಸ್ಕೊಂಡ್ರು?"

"ಅದೇ, ಅಡ್ಡಿಯಿಲ್ಲ ಅಂತ. 'ನನ್ನ ಮಗಳು ನಿಮ್ಮನ್ನ ಕೇಳದೆ ಪೇಜಿಗೆ ಹಾಕಿದಾಳೆ, ಪರವಾಗಿಲ್ವಾ?' ಅಂದ್ರು. ನನಗೇನಮ್ಮ ಅಡ್ಡಿ? ಆ ಫೋಟೋ ಬಂದ್ಮೇಲೆ ನನ್ನ ಸೊಸೆ ನನ್ನ ಹತ್ರ ನಗ್ತಾ ಮಾತಾಡ್ತಾಳೆ."

ಹದಿನೇಳನೆಯವರು ನಿವೃತ್ತ ಟೀಚರ್. "ನಮ್ಮನೆಗೂ ಬಂದಿದ್ದರು," ಎಂದರು ಅಮ್ಮನ ಪಕ್ಕ ಕೂರುತ್ತ. "ಸಾಯಂಕಾಲ ಐದೂವರೆ ಇರಬೇಕು. ಟೀಗೆ ಸಕ್ಕರೆ ಬೇಡ, ಡಾಕ್ಟರು ಬೇಡ ಅಂದಿದ್ದಾರೆ ಅಂದರು. ಬಿಸ್ಕತ್ತು ಮಾತ್ರ ಆರು ತಿಂದರು."

"ಅದಕ್ಕೇ ರಾತ್ರಿ ಊಟ ಸೇರ್ತಿರ್ಲಿಲ್ಲ," ಎಂದಳು ಅಮ್ಮ. "ದಿನಾ ವಾಕಿಂಗ್ ಹೋಗ್ತಾರೆ, ಆದ್ರೂ ಪ್ಯಾಂಟು ಬಿಗಿಯಾಗ್ತಾ ಇದೆಯಲ್ಲ ಅಂತ ನಾನು ಯೋಚನೆ ಮಾಡಿದ್ದೇ ಮಾಡಿದ್ದು."

ಅಮ್ಮನ ಮುಖದಲ್ಲಿ ಆ ದಿನದ ಮೊದಲ ನಗೆ ಸುಳಿಯಿತು. ಮಗಳಿಗೆ ನಗು ಬರಲಿಲ್ಲ. ಎರಡು ತಿಂಗಳು ಪ್ರಿಂಟಿನ ಪೇಪರು ಲೆಕ್ಕಕ್ಕಿಂತ ಬೇಗ ಖಾಲಿಯಾಗುತ್ತಿದ್ದದ್ದು, ಅದಕ್ಕಾಗಿ ತಾನು ಪೇಪರ್ ಮಾರುವವನ ಮೇಲೆ ಹರಿಹಾಯ್ದದ್ದು ನೆನಪಾಯಿತು. ಐದು ಗಂಟೆಗೆ ಬೂಟು ಹಾಕಿಕೊಂಡು ಹೊರಟು ಏಳಕ್ಕೆ ಬರುತ್ತಿದ್ದ ಅಪ್ಪ ವಾಕಿಂಗ್ ಹೋಗುತ್ತಿರಲಿಲ್ಲ. ಅವಳು ಮಾಡಿಟ್ಟ ತಪ್ಪನ್ನು ಮನೆಮನೆಗೆ ಹೋಗಿ ತೊಳೆಯುತ್ತಿದ್ದ. ಅರವತ್ತೆಂಟು ವರ್ಷದ, ಎದೆನೋವಿನ ಮನುಷ್ಯ, ಒಂದೊಂದೇ ಬಾಗಿಲು ತಟ್ಟಿ. ಹಾಗಾದರೆ ಅವನ ಮನಸ್ಸಿಗೆ ಎಷ್ಟು ನೋವಾಗಿರಬೇಕು. ಅವಳು ಊಹಿಸಿದ್ದಕ್ಕಿಂತ ಸಂಗತಿ ಕೆಟ್ಟದಾಗಿತ್ತು.

* * *

ಆ ಜಗಳ ಆದದ್ದು ನಲವತ್ತೊಂದನೆಯ ಪೋಸ್ಟಿಗೆ.

ಬಹಳ ಹಳೆಯ ಡಬ್ಬಿಯಲ್ಲಿ ಸಿಕ್ಕಿದ ಬೋಣಿ ಅದು. ಚಿಕ್ಕ ವಯಸ್ಸಿನ ತಾಯಿ, ತೊಡೆಯ ಮೇಲೆ ಎರಡು ವರ್ಷದ ಗಂಡುಮಗು. ಅವಳು ತೋಳಿನ ಬಟ್ಟೆಯ ತುದಿಯಿಂದ ಮಗುವಿನ ಗಲ್ಲ ಒರೆಸಲು ಹೋಗಿದ್ದಾಳೆ, ಮಗು ಮೀನಿನ ಹಾಗೆ ಹೊರಳಿ ಬಾಯಿತುಂಬ ನಗುತ್ತಿದೆ. ಮೂರೇ ದಿನದಲ್ಲಿ ಆ ಫೋಟೋ ಊರು ದಾಟಿ, ಗುರುತು ಪರಿಚಯ ಇಲ್ಲದವರ ಫೋನುಗಳಿಗೆಲ್ಲ ಹೋಯಿತು. ಅದುವರೆಗಿನ ಎಲ್ಲ ಪೋಸ್ಟುಗಳನ್ನೂ ಕೂಡಿಸಿದರೂ ಅಷ್ಟು ಜನ ನೋಡಿರಲಿಲ್ಲ. ಬೇರೆ ಊರುಗಳಿಂದ ವಿಚಾರಣೆ ಬರತೊಡಗಿತು.

ಅಪ್ಪ ಮೆಟ್ಟಿಲಿಳಿದು ಬಂದವನೇ, "ಅದನ್ನ ತೆಗಿ," ಎಂದ.

"ಯಾವುದನ್ನ?"

"ತಾಯಿ ಮಗಂದು."

"ಯಾಕೆ ಅಂತ ಹೇಳು, ತೆಗೀತೀನಿ."

"ತೆಗಿ ಅಂದ್ರೆ ತೆಗಿ."

ಚಿಕ್ಕಂದಿನಿಂದ ಅವಳಿಗೆ ಬೀದಿಯಲ್ಲಿ ಫ್ಲ್ಯಾಶಮ್ಮ ಎಂಬ ಅಡ್ಡಹೆಸರು. ಸಿಟ್ಟು ಫಕ್ಕನೆ ಬಂದು ಫಕ್ಕನೆ ಹೋಗುತ್ತದೆಂದು ಅಪ್ಪನೇ ಇಟ್ಟದ್ದು. ಅವತ್ತೂ ಹಾಗೇ ಆಯಿತು. "ನಿನಗೆ ಹೊಟ್ಟೆಕಿಚ್ಚು," ಎಂದುಬಿಟ್ಟಳು. "ನಲವತ್ತು ವರ್ಷ ನೀನು ಇಲ್ಲಿ ಕೂತು ಮಾಡದೇ ಇದ್ದಿದ್ದನ್ನ ನಾನು ನಾಲ್ಕು ತಿಂಗಳಲ್ಲಿ ಮಾಡಿದೆ. ಅದನ್ನ ನಿನ್ನ ಕೈಲಿ ನೋಡೋಕಾಗ್ತಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಪ್ಪ ಗೋಡೆಗೆ ನೇತುಹಾಕಿದ್ದ ಕನ್ನಡಿಯ ಕಡೆ ತಿರುಗಿ, ಅದಕ್ಕೆ ದಾರದಿಂದ ಕಟ್ಟಿದ್ದ ಬಾಚಣಿಗೆಯನ್ನು ನೆಟ್ಟಗೆ ಮಾಡಿದ. ಅವಳು ಅವನ ಕಣ್ಣೆದುರೇ ಪೋಸ್ಟನ್ನು ಅಳಿಸಿ ಫೋನನ್ನು ಮೇಜಿನ ಮೇಲೆ ಕುಕ್ಕಿದಳು. ಮಾರನೆಯ ದಿನದಿಂದ ಐದು ಗಂಟೆಯ ವಾಕಿಂಗ್ ಶುರುವಾಯಿತು. ತನ್ನ ಜೊತೆ ಕೂರಲಾಗದೆ ಎದ್ದು ಹೋಗುತ್ತಾನೆ ಎಂದುಕೊಂಡಳು. ಮಾತು ಕರೆಂಟು ಬಿಲ್ಲು, ಪ್ರಿಂಟರಿನ ಇಂಕುಗಳಿಗೆ ಸೀಮಿತವಾಯಿತು. ಒಂದು ದಿನ, "ಆ ಇಪ್ಪತ್ತಮೂರನೇದು ಲೈಟು ಸರಿಯಿಲ್ಲ, ತೆಗೆದ್ರೆ ಒಳ್ಳೇದು," ಎಂದ. ಅವಳು ಅದನ್ನೂ ಅಳಿಸಿದಳು.

ನಿದ್ದೆಯ ಫೋಟೋ ತೆಗೆದದ್ದು ನಿಜಕ್ಕೂ ರಾಜಿಗೆಂದು. ನೋಡಿ ಬೈಯುತ್ತಾನೆ ಇಲ್ಲವೆ ನಗುತ್ತಾನೆ, ಎರಡರಲ್ಲಿ ಯಾವುದಾದರೂ ಸರಿ, ಮುನಿಸು ಮುರಿದರೆ ಸಾಕು ಎಂದುಕೊಂಡಿದ್ದಳು. ಪೇಜಿಗೆ ಹಾಕಿ, ಆಮೇಲೆ ತೋರಿಸಿದಳು. ಅಪ್ಪ ಫೋನನ್ನು ತೋಳುದ್ದ ದೂರ ಹಿಡಿದು ಬಹಳ ಹೊತ್ತು ನೋಡಿದ. "ಹ್ಞೂಂ," ಎಂದ. ವಾಪಸು ಕೊಟ್ಟ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಆ ಹ್ಞೂಂ ಅವಳನ್ನು ಹತ್ತು ದಿನ ಕೊರೆಯಿತು. ನಿನ್ನೆ ಸಂಜೆ ಆರೂವರೆಗೆ ಎದುರಿನ ಟೈಲರ್ ರಸ್ತೆ ದಾಟಿ ಓಡಿ ಬಂದ. ಅಪ್ಪ ಅವನ ಅಂಗಡಿಯ ಕುರ್ಚಿಯಲ್ಲಿ ಕೂತಿದ್ದ, ನೀರು ಕೇಳಿದ, ನೀರು ತರುವಷ್ಟರಲ್ಲಿ ಮುಗಿದುಹೋಗಿತ್ತು.

* * *

ಗಾಡಿ ಹನ್ನೊಂದಕ್ಕೆ ಬರುವುದೆಂದು ಚಿಕ್ಕಪ್ಪ ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದ. ಹತ್ತೂವರೆಗೆ ಒಬ್ಬ ಹೆಂಗಸು ಒಳಗೆ ಬಂದರು. ಅರವತ್ತರ ಆಸುಪಾಸು, ಇಸ್ತ್ರಿ ಮಾಡಿದ ಮಾಸಲು ಬಿಳಿ ಬಟ್ಟೆ. ಮುಖ ನೋಡಿ ಮಗಳಿಗೆ ಗುರುತು ಸಿಗಲಿಲ್ಲ. ಆ ಹೆಂಗಸು ಅಪ್ಪನ ಬಳಿ ಹೋಗಿ, ಹೊದಿಕೆಯ ಮೇಲೆ ಬಿದ್ದಿದ್ದ ಯಾವುದೋ ಪುಡಿಯನ್ನು ಕಂಡು, ತೋಳಿನ ಬಟ್ಟೆಯ ತುದಿಯನ್ನು ಹಿಡಿದೆಳೆದು ಅದರಿಂದ ಒರೆಸಿದರು. ಆಗ ಗೊತ್ತಾಯಿತು. ನಲವತ್ತೊಂದು.

ಮಗಳಿಗೆ ಓಡಿಹೋಗುವುದಕ್ಕಿಂತ ಎದುರಿಸುವುದೇ ಮೇಲೆನಿಸಿ, ಅವರನ್ನು ಕನ್ನಡಿಯ ಮೂಲೆಗೆ ಕರೆದು ಬೆಂಚಿನ ಮೇಲೆ ಕೂರಿಸಿದಳು.

"ನಿಮ್ಮ ಫೋಟೋ ಹಾಕಿದ್ದು ನಾನು," ಎಂದಳು. "ಕೇಳದೆ ಹಾಕಿದೆ. ತಪ್ಪಾಯ್ತು."

"ಗೊತ್ತಮ್ಮ. ನಾನು ಹಿಂದಿನ ಬೀದಿ ಲಾಂಡ್ರಿಯವಳು. ನಿಮ್ಮಪ್ಪ ಬಂದಿದ್ರು." ಆಕೆ ಬಾಚಣಿಗೆಯ ದಾರವನ್ನು ಬೆರಳಿಗೆ ಸುತ್ತಿಕೊಂಡರು. "ಆ ಮಗು ಫೋಟೋ ತೆಗೆಸಿದ ವರ್ಷಾನೇ ಹೋಯ್ತು. ಜ್ವರ ಬಂತು, ನಾಲ್ಕು ದಿನ."

ಮಗಳು ಬೆಂಚಿನ ತುದಿಗೆ ಕೂತಳು.

"ನಿಮ್ಮಪ್ಪನಿಗೆ ಗೊತ್ತಿರ್ಲಿಲ್ಲ. ಮಗು ಫೋಟೋ ಚೆನ್ನಾಗಿ ಬಂದಿದೆ ಅಂತ ದೊಡ್ಡದು ಮಾಡಿ ಈ ಶೋಕೇಸಲ್ಲಿ ಇಟ್ಟಿದ್ರು. ನಾನು ಈ ರಸ್ತೇನೇ ಬಿಟ್ಟೆ. ನಾಲ್ಕು ತಿಂಗಳು ಸುತ್ತು ಬಳಸಿ ಕೆಲಸಕ್ಕೆ ಹೋಗ್ತಿದ್ದೆ. ಯಾರೋ ಹೇಳಿದ್ರಂತೆ, ಅವತ್ತೇ ಫೋಟೋ ತೆಗೆದು, ನಮ್ಮ ಮನೆ ಬಾಗಿಲಿಗೆ ಬಂದು ನಿಂತು ಅತ್ತುಬಿಟ್ರು. ನಾನೇ ಸಮಾಧಾನ ಹೇಳಬೇಕಾಯ್ತು."

ಶೋಕೇಸಿನ ಕಟ್ಟಳೆಗೆ ಕಾರಣ ಅಷ್ಟು ಹೊತ್ತಿಗೆ, ಅಷ್ಟು ವರ್ಷದ ಮೇಲೆ, ಮಗಳಿಗೆ ಸಿಕ್ಕಿತು. ಅವಳು ಆಕೆಯ ಕೈ ಹಿಡಿದುಕೊಂಡಳು.

"ಈ ಸಲಾನೂ ಬಂದ್ರು," ಎಂದು ಲಾಂಡ್ರಿಯಾಕೆ ಮುಂದುವರಿಸಿದರು. "ಮೂರು ದಿನ ಅಂಗಡಿ ಮುಂದೆ ಹಾದು ಹೋದ್ರು, ಒಳಗೆ ಬರ್ಲಿಲ್ಲ. ನಾಲ್ಕನೇ ದಿನ ನಾನೇ ಕರೆದೆ. 'ನನ್ನ ಮಗಳಿಗೆ ವಿಷಯ ಗೊತ್ತಿಲ್ಲ, ತೆಗೆಸಿದೀನಿ, ಮನಸ್ಸಿಗೆ ಹಚ್ಕೋಬೇಡಿ' ಅಂದ್ರು. ನಾನು ಹೇಳಿದೆ, ತೆಗೆಸಿದ್ದೇ ತಪ್ಪು ಅಂತ."

"ಏನಂದ್ರಿ?"

"ನನ್ನ ತಂಗಿ ಮಗಳು ಫೋನಲ್ಲಿ ತೋರಿಸಿದ್ಲು. ಇಡೀ ದಿನ ನೋಡಿದೆ. ಮಾರನೇ ದಿನ ನೋಡೋಣ ಅಂದ್ರೆ ಇಲ್ಲ. ನೋಡಮ್ಮ, ನನ್ನ ಹತ್ರ ಮಗೂದು ಒಂದೇ ಫೋಟೋ ಇರೋದು, ಅವತ್ತಿನ ಎರಡನೇದು. ಅದ್ರಲ್ಲಿ ಅವನು ನೆಂಟರ ಮನೆಗೆ ಬಂದೋನ ಹಾಗೆ ಕೈ ಕಟ್ಟಿ ಕೂತಿದಾನೆ. ಅದನ್ನ ನೋಡಿ ನೋಡಿ ಅವನು ಹಾಗೇ ಇದ್ದ ಅಂತ ನಂಬಿಬಿಟ್ಟಿದ್ದೆ. ಅವನು ಎಲ್ಲಿ ಹಾಗಿದ್ದ? ಒಂದು ಕಡೆ ಕೂತೋನಲ್ಲ. ನಿಮ್ಮ ಫೋಟೋದಲ್ಲಿ ನನ್ನ ಮಗ ಇದಾನೆ. ಮತ್ತೆ ಹಾಕಿಸಿ ಅಂತ ಹೇಳಿ ಕಳಿಸಿದೆ. ನಿಮ್ಮಪ್ಪ ಹೇಳ್ಲಿಲ್ವಾ?"

"ಇಲ್ಲ. ನನ್ನ ಮೇಲೆ ಕೋಪ ಇತ್ತು ಅವರಿಗೆ."

ಲಾಂಡ್ರಿಯಾಕೆ ಅವಳನ್ನು ವಿಚಿತ್ರವಾಗಿ ನೋಡಿದರು. "ಅವರಿಗೆ ಕೋಪಾನಾ? ಕೋಪ ನಿನಗೆ ಅಂದ್ರು. 'ನಮ್ಮ ಫ್ಲ್ಯಾಶಮ್ಮ ಇನ್ನೂ ಬಿಸಿಯಾಗಿದಾಳೆ, ಬಲ್ಬು ಮುಟ್ಟಿದ್ರೆ ಕೈ ಸುಡುತ್ತೆ, ತಣ್ಣಗಾಗ್ಲಿ ಹೇಳ್ತೀನಿ' ಅಂದ್ರು. ನಗ್ತಾನೇ ಅಂದ್ರಮ್ಮ. ಪಕ್ಕದಲ್ಲಿ ಇಸ್ತ್ರಿ ಕಾಯ್ತಾ ಇತ್ತು, ಅದನ್ನ ತೋರಿಸಿ ಅಂದ್ರು."

ಮಗಳಿಗೆ ಅಳು ಬಂತು, ಅದರ ಬೆನ್ನಿಗೇ ತಡೆಯಲಾರದ ನಗು ಬಂತು. ಅಪ್ಪ ಅವಳು ತಣ್ಣಗಾಗಲೆಂದು ಕಾಯುತ್ತಿದ್ದ, ಅವಳು ಅಪ್ಪ ತಣ್ಣಗಾಗಲೆಂದು ಕಾಯುತ್ತಿದ್ದಳು. ಒಂದೇ ಸೂರಿನಡಿ, ಎರಡು ತಿಂಗಳು. ಎದೆಯ ಮೇಲಿನ ಕಲ್ಲು ಅರ್ಧ ಸರಿದಂತಾಯಿತು. ಉಳಿದರ್ಧ ಆ ಹ್ಞೂಂ. ಬೇರೆಯವರೆಲ್ಲರ ಬಾಗಿಲು ತಟ್ಟಿ ಒಪ್ಪಿಗೆ ಕೇಳಿದವನ ನಿದ್ದೆಯನ್ನು ತಾನು ಕೇಳದೆ ಬೀದಿಗೆ ಇಟ್ಟೆನಲ್ಲ, ಅದಕ್ಕೆ ಒಪ್ಪಿಗೆ ಕೇಳಲು ಈಗ ಯಾವ ಬಾಗಿಲಿದೆ?

"ಗಾಡಿ ಬಂತು," ಎಂದ ಚಿಕ್ಕಪ್ಪ.

* * *

ಸ್ಮಶಾನದಿಂದ ಬಂದು, ಸ್ನಾನ ಮಾಡಿ, ಅಮ್ಮನನ್ನು ಮಲಗಿಸಿ ಮಗಳು ಕೆಳಗಿಳಿದಾಗ ಐದು ಗಂಟೆ. ಸ್ಟುಡಿಯೋ ಖಾಲಿಯಾಗಿತ್ತು. ಯಾರೋ ಕಸ ಗುಡಿಸಿದ್ದರು, ಬೆಂಚುಗಳನ್ನು ಗೋಡೆಗೆ ಸರಿಸಿದ್ದರು. ಬಾಗಿಲ ಬಳಿ ಅಪ್ಪನ ಬೂಟು ಹೊರಡುವ ದಿಕ್ಕಿಗೆ ಮುಖ ಮಾಡಿಕೊಂಡಿತ್ತು.

ಟೈಲರ್ ಒಳಗೆ ಬಂದ. ಕತ್ತಿನಲ್ಲಿ ಅಳತೆಯ ಟೇಪು ಹಾಗೇ ಇತ್ತು; ಸ್ಮಶಾನಕ್ಕೂ ಅದನ್ನು ಹಾಕಿಕೊಂಡೇ ಬಂದಿದ್ದ, ಯಾರೂ ಹೇಳಿರಲಿಲ್ಲ. ಕೈಯಲ್ಲಿ ಪ್ರಿಂಟಿನ ಪೇಪರ್ ಬರುವ ಹಳದಿ ಡಬ್ಬವಿತ್ತು.

"ಇದನ್ನ ನನ್ನ ಅಂಗಡೀಲಿ ಇಟ್ಟಿರ್ತಿದ್ದ ನಿಮ್ಮಪ್ಪ," ಎಂದ. "ನಿನ್ನ ಕಣ್ಣಿಗೆ ಬಿದ್ರೆ, ಅಪ್ಪ ನನ್ನ ಕೆಲಸದಲ್ಲಿ ಹುಳುಕು ಹುಡುಕ್ತಿದಾನೆ ಅಂದ್ಕೋತೀಯ ಅಂತ ಹೆದರಿಕೆ ಅವನಿಗೆ. ಬೆಳಿಗ್ಗೆ ನೀನು ಏಳೋ ಮುಂಚೆ ಪ್ರಿಂಟು ಹಾಕ್ಕೊಂಡು ಬಂದು ಕೊಡೋನು, ಸಾಯಂಕಾಲ ತಗೊಂಡು ಹೊರಡೋನು. ಎಲ್ಲ ಮುಗಿದ ಮೇಲೆ ಒಟ್ಟಿಗೆ ನಿನ್ನ ಕೈಗೆ ಕೊಡಬೇಕು ಅಂತಿದ್ದ."

"ಮುಗಿದಿತ್ತಾ?"

"ನಿನ್ನೆ ಬಂದು ಕೂತು, ಇನ್ನು ಒಂದೇ ಮನೆ ಬಾಕಿ ಅಂದ. ನಡೀ ನಾನೂ ಬರ್ತೀನಿ, ಎಲ್ಲಿ ಅಂದೆ. ಹತ್ರಾನೇ ಅಂದ. ಪೆನ್ನು ಕೊಡು ಅಂದ. ಅದೇನೋ ಬರೆದು ಡಬ್ಬ ಮುಚ್ಚಿದ. ಆಮೇಲೆ ನೀರು ಕೇಳಿದ." ಟೈಲರ್ ಟೇಪನ್ನು ಕತ್ತಿನಿಂದ ತೆಗೆದು ಸುತ್ತಿ ಜೇಬಿಗೆ ಹಾಕಿಕೊಂಡ. "ಮುಖದಲ್ಲಿ ಕಷ್ಟ ಇರ್ಲಿಲ್ಲ ಕಣಮ್ಮ. ದಿನದ ಕೆಲಸ ಮುಗಿಸಿ ಕೂತೋನ ಹಾಗಿದ್ದ."

ಅವನು ಹೋದ ಮೇಲೆ ಅವಳು ಸ್ಟೂಲಿನ ಮೇಲೆ ಕೂತು ಡಬ್ಬ ತೆರೆದಳು. ಪೋಸ್ಟಿನ ಕ್ರಮದಲ್ಲೇ ಜೋಡಿಸಿದ್ದ. ಪ್ರತಿಯೊಂದರ ಬೆನ್ನಿಗೂ ಸ್ಟುಡಿಯೋದ ನೀಲಿ ಮುದ್ರೆ, ಅದರ ಕೆಳಗೆ ಬೇರೆ ಬೇರೆ ಕೈಬರಹ. ಬೇಕರಿಯವನು "ಅಡ್ಡಿಯಿಲ್ಲ, ಈಗಿನ ಮೀಸೆಯದ್ದೂ ಹಾಕಿ" ಎಂದಿದ್ದ. ಕಾಲರಿನ ದಾರ ಕಿತ್ತ ದಂಪತಿ ಈಗ ಬೇರೆಯಾಗಿದ್ದರು ಎಂದು ಕಾಣುತ್ತದೆ. ಒಂದೇ ಫೋಟೋದ ಎರಡು ಮೂಲೆಯಲ್ಲಿ, ಬೇರೆ ಬೇರೆ ದಿನ, ಬೇರೆ ಬೇರೆ ಶಾಯಿಯಲ್ಲಿ ಇಬ್ಬರೂ ಅಡ್ಡಿಯಿಲ್ಲ ಎಂದಿದ್ದರು. ಇಪ್ಪತ್ತಮೂರರ ಬೆನ್ನಿಗೆ "ದಯವಿಟ್ಟು ಬೇಡ" ಎಂದಿತ್ತು. ಅದರ ಲೈಟು ಸರಿಯಾಗಿಯೇ ಇತ್ತು. ನಲವತ್ತೊಂದರ ಬೆನ್ನಿಗೆ "ಅಡ್ಡಿಯಿಲ್ಲ. ಬೇಗ ಹಾಕಿ."

ಅರವತ್ತೆರಡು ಫೋಟೋಗಳೂ ಮುಗಿದವು. ಕೆಳಗೆ ಇನ್ನೊಂದಿತ್ತು.

ಸ್ಟೂಲು, ಗೋಡೆ, ತೆರೆದ ಬಾಯಿ, ಒಂದು ಕಾಲಿನ ಬೂಟು. ಫೋನಿನಲ್ಲಿ ನೋಡಿದಾಗ ಅವಳ ಗಮನಕ್ಕೆ ಬರದ ಒಂದು ಸಂಗತಿ ಪ್ರಿಂಟಿನಲ್ಲಿ ಕಂಡಿತು. ಪಶ್ಚಿಮದ ಕಿಟಕಿಯ ಬಿಸಿಲು ಓರೆಯಾಗಿ ಬಂದು ಅವನ ಒಂದು ಕೆನ್ನೆ ಮತ್ತು ಮಡಿಲಲ್ಲಿದ್ದ ಕೈಗಳ ಮೇಲೆ ಮಾತ್ರ ಬಿದ್ದಿತ್ತು.

ಅವಳು ಅದನ್ನು ತಿರುಗಿಸಿದಳು. ನೀಲಿ ಮುದ್ರೆ. ಅದರ ಕೆಳಗೆ ಅಪ್ಪನ ದುಂಡು ಅಕ್ಷರದಲ್ಲಿ "ಅಡ್ಡಿಯಿಲ್ಲ". ಬ್ಯಾಂಕಿನ ಕಾಗದಗಳಿಗೆ ಹಾಕುವಂಥ ಪೂರ್ತಿ ಸಹಿ. ನಿನ್ನೆಯ ತಾರೀಖು. ತಾರೀಖಿನ ಪಕ್ಕ, ಜಾಗ ಸಾಲದೆ ಸಣ್ಣದಾಗಿ ಇನ್ನೊಂದು ಸಾಲು: "ಲೈಟು ಸರಿಯಾಗಿದೆ."

ಅವಳು ಅದನ್ನು ಮೂರು ಸಲ ಓದಿದಳು. ಎರಡು ತಿಂಗಳಲ್ಲಿ ಮೊದಲ ಸಲ ಎದೆತುಂಬ ಉಸಿರೆಳೆದುಕೊಂಡಳು. ಫೋನ್ ತೆಗೆದಳು. "ಖಂಡಿತವಾಗಿಯೂ ಅಳಿಸಬೇಕೆ?" ಎಂಬ ಪ್ರಶ್ನೆ ಬೆಳಗಿನಿಂದ ಅಲ್ಲೇ ಕಾಯುತ್ತಿತ್ತು. ಬೇಡ ಎಂದು ಒತ್ತಿ, ತಾಯಿ ಮಗನ ಫೋಟೋವನ್ನು ಮತ್ತೆ ಪೇಜಿಗೆ ಹಾಕಿದಳು.

ಆಮೇಲೆ ಶೋಕೇಸಿನ ಬೀಗ ತೆಗೆದಳು. ನಡುವಿನಲ್ಲಿ ವರ್ಷಗಳಿಂದ ಕೂತಿದ್ದ ಮದುವೆಯ ಜೋಡಿಯನ್ನು ಪಕ್ಕಕ್ಕೆ ಸರಿಸಿ, ಆ ಜಾಗದಲ್ಲಿ ಕೈಯಲ್ಲಿದ್ದ ಪ್ರಿಂಟನ್ನು ನಾಲ್ಕು ಪಿನ್ನಿನಿಂದ ಚುಚ್ಚಿದಳು. ಹೊರಗೆ ಬಂದು ಗಾಜನ್ನು ತೋಳಿನ ಬಟ್ಟೆಯಿಂದ ಒರೆಸಿದಳು. ಎದುರಂಗಡಿಯಲ್ಲಿ ಟೈಲರ್ ಮಶಿನ್ ತುಳಿಯುವುದನ್ನು ನಿಲ್ಲಿಸಿ ಇತ್ತ ನೋಡುತ್ತಿದ್ದ. ಕೆಲಸ ಬಿಟ್ಟು ಮನೆಗೆ ಹೊರಟಿದ್ದ ಇಬ್ಬರು ಹೆಂಗಸರು ಜೋರಾಗಿ ಮಾತಾಡುತ್ತ ಬಂದವರು ಗಾಜಿನ ಮುಂದೆ ನಿಂತು, ದನಿ ತಗ್ಗಿಸಿದರು.

ಅವಳು ಶೋಕೇಸಿನ ದೀಪ ಹಾಕಿದಳು. ಒಳಗೆ ಅಪ್ಪ ಒಂದು ಬೂಟು ಕಳಚಿ, ಬಾಯಿ ತೆರೆದು, ಬೀದಿಯ ಎದುರಿಗೆ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದ.